ಊರಲ್ಲೂ ಪರವೂರಲ್ಲೂ ಒಳ್ಳೆಯ ಪಿಜ್ಜಾ ಅಂಗಡಿ ಹುಡುಕುವುದು ಹೇಗೆ? ನಂಬಿಕೆ ಎಷ್ಟು, ನಿಜ ಎಷ್ಟು

ಇಟಲಿಯ ನೇಪಲ್ಸ್ ನಗರದ ಹಳೆಯ ಬೀದಿಯೊಂದರಲ್ಲಿ ನಾವು ಅಮ್ಮನ ಜೊತೆ ಪಿಜ್ಜಾ ತಿನ್ನಲು ಕೂತಿದ್ದೆವು. ಅಂಗಡಿಯನ್ನು ಆರಿಸಿದ್ದು ಫೋನ್ ನೋಡಿ. 4.7 ಸ್ಟಾರ್, ಸಾವಿರಾರು ವಿಮರ್ಶೆ, ಹೊರಗೆ ಉದ್ದ ಸಾಲು. ಪಿಜ್ಜಾ ಬಂತು. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿತ್ತು, ನಡುವೆ ಮಾತ್ರ ಸಾರು ನಿಂತ ಹಾಗೆ ಒದ್ದೆ. ತುಂಡು ಎತ್ತಿದರೆ ತುದಿ ಜೋತುಬಿದ್ದು ಟೊಮೇಟೊ ತಟ್ಟೆಗೆ ಇಳಿಯಿತು. "ಬೆಂದೇ ಇಲ್ಲವಲ್ಲೋ" ಎಂದರು ಅಮ್ಮ. ನಮಗೂ ಹಾಗೇ ಅನ್ನಿಸಿತು. ಕೈಸನ್ನೆ ಮಾಡಿ ಇನ್ನೊಂದು ಸಲ ಬೇಯಿಸಿಕೊಡಿ ಎಂದು ವಾಪಸ್ ಕಳಿಸಿದೆವು. ಒಲೆಯ ಮುಂದಿದ್ದವರು ನಮ್ಮನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಮರಳಿ ಬಂದ ಪಿಜ್ಜಾದ ಅಂಚು ಇದ್ದಿಲಾಗಿತ್ತು, ನಡುಭಾಗ ಒದ್ದೆಯಾಗಿಯೇ ಇತ್ತು.

ಎರಡು ದಿನದ ನಂತರ ನಾವು ಉಳಿದುಕೊಂಡಿದ್ದ ಮನೆಯವರ ಜೊತೆ ಮಾತಾಡುವಾಗ ಎರಡು ಸಂಗತಿ ತಿಳಿಯಿತು. ಒಂದು, ಆ ಪಿಜ್ಜಾ ಬೆಂದಿತ್ತು. ನೇಪಲ್ಸಿನಲ್ಲಿ ಅದು ಇರಬೇಕಾದದ್ದೇ ಹಾಗೆ. ಎರಡನೆಯದು ನಗುವ ವಿಷಯವಲ್ಲ. ಅದರ ಮೇಲೆ ತುರಿದು ಹಾಕಿದ್ದ ಗಟ್ಟಿ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸಿ ಹೆಪ್ಪುಗಟ್ಟಿಸುತ್ತಾರೆ. ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟದ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಗೊತ್ತಿಲ್ಲದೆ ಆದದ್ದು ಬಿಡು" ಎಂದರು. ಯಾರನ್ನೂ ದೂರಲಿಲ್ಲ. ನಮಗೆ ಮಾತ್ರ ಮುಜುಗರ ಹೋಗಲಿಲ್ಲ. ಸಾವಿರಾರು ವಿಮರ್ಶೆಗಳನ್ನು ಬೆರಳಲ್ಲಿ ಸರಿಸಿ ನೋಡಿದ್ದ ನಮಗೆ, ತಿಳಿಯಬೇಕಿದ್ದ ಎರಡು ವಿಷಯಗಳಲ್ಲಿ ಒಂದೂ ಅಲ್ಲಿ ಸಿಕ್ಕಿರಲಿಲ್ಲ.

ಹಾಗಾದರೆ ಹೊಸ ಊರಿನಲ್ಲಿ, ಅಥವಾ ನಮ್ಮದೇ ಬಡಾವಣೆಯಲ್ಲಿ, ಒಳ್ಳೆಯ ಪಿಜ್ಜಾ ಅಂಗಡಿಯನ್ನು ಹುಡುಕಲು ಯಾವುದನ್ನು ನಂಬಬಹುದು? ಒಂದೊಂದಾಗಿ ನೋಡೋಣ.

ಸ್ಟಾರ್ ಜಾಸ್ತಿ ಇದ್ದರೆ ಪಿಜ್ಜಾ ಚೆನ್ನಾಗಿರುತ್ತದೆಯೇ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೊದಲು ಲೆಕ್ಕ. ಒಂದು ಅಂಗಡಿಗೆ 12 ವಿಮರ್ಶೆ ಇದೆ, ಹನ್ನೆರಡೂ 5 ಸ್ಟಾರ್ ಎಂದುಕೊಳ್ಳಿ. ಸರಾಸರಿ 5. ಇನ್ನೊಂದಕ್ಕೆ 1500 ವಿಮರ್ಶೆ, ಸರಾಸರಿ 4.4. ಮೊದಲನೆಯದೇ ಮೇಲು ಎಂದು ಆ್ಯಪ್ ತೋರಿಸುತ್ತದೆ. ಆದರೆ ಹದಿಮೂರನೆಯ ಗ್ರಾಹಕ ಸಿಟ್ಟಿನಲ್ಲಿ 1 ಸ್ಟಾರ್ ಕೊಟ್ಟರೆ ಮೊದಲನೆಯದರ ಸರಾಸರಿ ಒಂದೇ ಏಟಿಗೆ 4.69ಕ್ಕೆ ಇಳಿಯುತ್ತದೆ, ಎರಡನೆಯದು ಅಲುಗಾಡುವುದೇ ಇಲ್ಲ. ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಸರಳ ಉಪಾಯ ಬಳಸುತ್ತಾರೆ. ಪ್ರತಿ ಅಂಗಡಿಗೂ ಊರಿನ ಸಾಮಾನ್ಯ ಸರಾಸರಿಯ ಮಟ್ಟದ ಕೆಲವು ಕಾಲ್ಪನಿಕ ವಿಮರ್ಶೆಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕುವುದು. ಇಬ್ಬರಿಗೂ 4 ಸ್ಟಾರಿನ 30 ವಿಮರ್ಶೆ ಸೇರಿಸಿದರೆ ಮೊದಲನೆಯದು 4.29, ಎರಡನೆಯದು 4.39 ಆಗುತ್ತದೆ. ಕ್ರಮ ತಿರುಗಿಬಿತ್ತು. ಮನಸ್ಸಿನಲ್ಲೇ ಇಷ್ಟು ಲೆಕ್ಕ ಮಾಡಬೇಕಿಲ್ಲ; ಐವತ್ತಕ್ಕಿಂತ ಕಡಿಮೆ ವಿಮರ್ಶೆ ಇರುವ ಕಡೆ ದಶಮಾಂಶಕ್ಕೆ ಬೆಲೆ ಕೊಡದಿದ್ದರೆ ಸಾಕು.

ಎರಡನೆಯದು, ಸ್ಟಾರಿನ ಹಿಂದೆ ದುಡ್ಡಿದೆ. ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟುಗಳ ಆದಾಯವನ್ನು ಯೆಲ್ಪ್ ತಾಣದ ರೇಟಿಂಗಿನ ಜೊತೆ ಹೋಲಿಸಿದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ, ಒಂದು ಸ್ಟಾರ್ ಏರಿದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಕೊಂಡರು. ಈ ಪರಿಣಾಮ ಕಂಡದ್ದು ಸ್ವತಂತ್ರ ಅಂಗಡಿಗಳಲ್ಲಿ. ಸರಪಳಿ ಅಂಗಡಿಗಳಲ್ಲಿ ಅಲ್ಲ. ಅಂದರೆ ಬ್ರ್ಯಾಂಡಿನ ಹೆಸರಿಲ್ಲದ, ನಾವು ಹುಡುಕುತ್ತಿರುವಂಥ ಸಣ್ಣ ಅಂಗಡಿಗೇ ಸ್ಟಾರು ಜೀವ-ಮರಣದ ಪ್ರಶ್ನೆ. ಹಾಗಿದ್ದ ಮೇಲೆ ಕಳ್ಳದಾರಿಯ ಆಸೆಯೂ ಅಲ್ಲೇ ಹೆಚ್ಚು. ಬಾಸ್ಟನ್ ನಗರದ ರೆಸ್ಟೋರೆಂಟುಗಳ ವಿಮರ್ಶೆಗಳನ್ನು ಲೂಕಾ ಮತ್ತು ಜಾರ್ಜಿಯೋಸ್ ಝರ್ವಾಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದ್ದಾರೆ. ಅವುಗಳಲ್ಲಿ ಸುಮಾರು ಶೇ. 16ರಷ್ಟನ್ನು ಯೆಲ್ಪ್‌ನ ಜಾಲರಿ ಅನುಮಾನಾಸ್ಪದ ಎಂದು ಬದಿಗಿಟ್ಟಿತ್ತು. ವಿಮರ್ಶೆ ಕಡಿಮೆ ಇರುವ, ಇತ್ತೀಚೆಗೆ ಕೆಟ್ಟ ಹೆಸರು ಬಂದಿರುವ ಅಂಗಡಿಗಳಲ್ಲಿ ಇಂಥವು ಜಾಸ್ತಿ.

ಇದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಲಂಡನ್ನಿನ ಕಥೆ ಕೇಳಿ. ಊಬಾ ಬಟ್ಲರ್ ಎಂಬ ಬರಹಗಾರ ತನ್ನ ಮನೆಯ ಹಿತ್ತಲಿನ ಶೆಡ್ಡನ್ನೇ 'ದ ಶೆಡ್ ಅಟ್ ಡಲ್ವಿಚ್' ಎಂಬ ಹೆಸರಿನ ರೆಸ್ಟೋರೆಂಟ್ ಎಂದು ಟ್ರಿಪ್ ಅಡ್ವೈಸರ್‌ನಲ್ಲಿ ನೋಂದಾಯಿಸಿದ. ಅಡುಗೆಮನೆ ಇಲ್ಲ, ಅಡುಗೆಯವರಿಲ್ಲ. ಶೇವಿಂಗ್ ಫೋಮ್ ಮೆತ್ತಿದ ಫೋಟೋಗಳನ್ನೇ ತಿಂಡಿ ಎಂದು ಹಾಕಿದ, ಗೆಳೆಯರಿಂದ ವಿಮರ್ಶೆ ಬರೆಸಿದ. 2017ರ ನವೆಂಬರಿನಲ್ಲಿ ಅದು ಇಡೀ ಲಂಡನ್ನಿನ ಒಂದನೇ ನಂಬರಿನ ರೆಸ್ಟೋರೆಂಟ್ ಆಯಿತು. ಉಲ್ಟಾ ಕಥೆಯೂ ಇದೆ. ಕ್ಯಾಲಿಫೋರ್ನಿಯಾದ ರಿಚ್‌ಮಂಡ್ ಎಂಬಲ್ಲಿದ್ದ ಬೊಟ್ಟೊ ಬಿಸ್ಟ್ರೋ ಎಂಬ ಇಟಾಲಿಯನ್ ಅಂಗಡಿಯವರು 2014ರಲ್ಲಿ ಸ್ಟಾರುಗಳ ಕಾಟಕ್ಕೆ ಬೇಸತ್ತು, ತಮಗೆ ಯೆಲ್ಪ್‌ನಲ್ಲಿ ಒಂದೇ ಸ್ಟಾರ್ ಕೊಟ್ಟವರಿಗೆ ಪಿಜ್ಜಾ ಮೇಲೆ ಶೇ. 25 ರಿಯಾಯಿತಿ ಘೋಷಿಸಿದರು. ಜನ ಮುಗಿಬಿದ್ದು ಹೊಗಳಿಕೆಯ ಮಾತಿನ ಜೊತೆ ಒಂದು ಸ್ಟಾರ್ ಕೊಟ್ಟರು. ಸ್ಟಾರ್ ನೋಡಿ ಮುಂದೆ ಹೋಗಿದ್ದರೆ ಅಲ್ಲಿ ಏನು ಕಳೆದುಕೊಂಡೆವೆಂದು ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ದೇಶದಲ್ಲೂ ಇದರ ಬಗ್ಗೆ ಕೆಲಸ ನಡೆದಿದೆ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಸ್ವಇಚ್ಛೆಯಿಂದ ಪಾಲಿಸಬೇಕಾದದ್ದು ಎಂಬ ರೂಪದಲ್ಲಿ ಬಂದದ್ದರಿಂದ ಅದರ ಮೇಲೇ ಭಾರ ಹಾಕಿ ಕೂರುವಂತಿಲ್ಲ.

ಹಾಗೆಂದು ವಿಮರ್ಶೆಗಳನ್ನು ಓದಲೇಬಾರದೆಂದು ನಾವು ಹೇಳುತ್ತಿಲ್ಲ. ಸ್ಟಾರ್ ಬಿಟ್ಟು ಮಾತು ಓದಿ, ಮಾತಿಗಿಂತ ಹೆಚ್ಚಾಗಿ ಗ್ರಾಹಕರು ಹಾಕಿದ ಫೋಟೋ ನೋಡಿ. ಐದು ಸ್ಟಾರಿನದು ಹೊಗಳಿಕೆ, ಒಂದು ಸ್ಟಾರಿನದು ಸಿಟ್ಟು. ವಿವರ ಸಿಗುವುದು ಸಾಮಾನ್ಯವಾಗಿ ಮೂರು ಸ್ಟಾರಿನವರಲ್ಲಿ. ಅಡುಗೆಯವರು ಬದಲಾದರೆ ಪಿಜ್ಜಾವೂ ಬದಲಾಗುವುದರಿಂದ ಕಳೆದ ಮೂರು ತಿಂಗಳಿನದಕ್ಕೇ ಗಮನ ಕೊಡಿ. ಇಟಲಿಯಲ್ಲಾದರೆ ಇಟಾಲಿಯನ್ ಭಾಷೆಯ ವಿಮರ್ಶೆಗಳನ್ನು ಅನುವಾದ ಮಾಡಿಸಿಕೊಂಡು ಓದಿ. ಅಲ್ಲಿನವರು ಹಿಟ್ಟಿನ ಬಗ್ಗೆ, ಅಂದರೆ 'ಇಂಪಾಸ್ತೋ' ಬಗ್ಗೆ ಬರೆಯುತ್ತಾರೆ. ಪ್ರವಾಸಿಗರು ಬರೆಯುವುದು ಮಾಣಿಯ ನಗು ಮತ್ತು ವೈಫೈ ಬಗ್ಗೆ. ನಮ್ಮ ಒದ್ದೆ ಪಿಜ್ಜಾದ ಅಂಗಡಿಗೆ 1 ಸ್ಟಾರ್ ಕೊಟ್ಟ ಹಲವರ ದೂರು "ನಡುವೆ ಬೆಂದಿರಲಿಲ್ಲ" ಎಂದೇ ಇತ್ತು, ಅದನ್ನು ನಾವು ಆಮೇಲೆ ನೋಡಿದೆವು. ಅಲ್ಲಿಯ ಜನರ ವಿಮರ್ಶೆಯಲ್ಲಿ ಆ ದೂರು ಇಲ್ಲವೇ ಇಲ್ಲ.

ಸಾಲು ಉದ್ದ ಇದ್ದರೆ?

"ಜನ ನಿಂತಿದ್ದಾರೆ ಎಂದರೆ ಏನೋ ಇರಬೇಕು." ಮಲ್ಲೇಶ್ವರದಲ್ಲಿ ಬೆಣ್ಣೆ ಮಸಾಲೆಗೆ ಕಾಯುವ ನಾವೂ ಹೀಗೇ ಯೋಚಿಸುವವರು. ಇದನ್ನು ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ 1992ರ ಪ್ರಬಂಧವೊಂದರಲ್ಲಿ ರೆಸ್ಟೋರೆಂಟಿನ ಉದಾಹರಣೆಯಿಂದಲೇ ವಿವರಿಸಿದ್ದಾರೆ. ನೊಬೆಲ್ ಬಂದದ್ದು 2019ರಲ್ಲಿ, ಬೇರೆ ಕೆಲಸಕ್ಕೆ. ಅಕ್ಕಪಕ್ಕ ಎರಡು ರೆಸ್ಟೋರೆಂಟುಗಳಿವೆ. ನೂರು ಜನರಲ್ಲಿ 99 ಮಂದಿಗೆ ಎರಡನೆಯದು ಚೆಂದ ಎಂಬ ಸುಳಿವು ಸಿಕ್ಕಿದೆ, ಒಬ್ಬನಿಗೆ ಮಾತ್ರ ಮೊದಲನೆಯದು ಎಂದು. ಮೊದಲನೆಯದರ ಬಗ್ಗೆ ಎಲ್ಲರಿಗೂ ಮುಂಚಿನಿಂದ ಕೂದಲೆಳೆಯಷ್ಟು ಒಲವೂ ಇದೆ. ಆ ಒಬ್ಬನೇ ಮೊದಲು ಬಂದು ಮೊದಲನೆಯದಕ್ಕೆ ಹೋದ ಎನ್ನಿ. ಎರಡನೆಯವ ಅವನನ್ನು ನೋಡಿ, "ಅವನ ಸುಳಿವು, ನನ್ನ ಸುಳಿವು ಸರಿಸಮ" ಎಂದುಕೊಂಡು ಹಳೆಯ ಒಲವಿನಂತೆ ಅಲ್ಲಿಗೇ ಹೋಗುತ್ತಾನೆ. ಮೂರನೆಯವನಿಗೆ ಇಬ್ಬರು ಕಾಣುತ್ತಾರೆ. ಕೊನೆಗೆ ನೂರೂ ಜನ ತಪ್ಪು ರೆಸ್ಟೋರೆಂಟಿನಲ್ಲಿ! ಪ್ರತಿಯೊಬ್ಬರೂ ಬುದ್ಧಿವಂತರಾಗಿಯೇ ನಡೆದುಕೊಂಡಿದ್ದಾರೆ ಎನ್ನುವುದೇ ಇದರ ತಮಾಷೆ.

ಆನ್‌ಲೈನಿನಲ್ಲೂ ಇದೇ ನಡೆಯುತ್ತದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಒಂದು ಸುದ್ದಿತಾಣದ 1 ಲಕ್ಷಕ್ಕೂ ಹೆಚ್ಚು ಕಾಮೆಂಟುಗಳಲ್ಲಿ ಕೆಲವಕ್ಕೆ ಲಾಟರಿ ಎತ್ತಿದ ಹಾಗೆ ಒಂದೇ ಒಂದು ಮೆಚ್ಚುಗೆ ಸೇರಿಸಿದರು. ಅಂಥ ಕಾಮೆಂಟುಗಳ ಅಂತಿಮ ಅಂಕ ಸರಾಸರಿ ಶೇ. 25ರಷ್ಟು ಮೇಲೇರಿತು.

ಸಾಲನ್ನು ನೋಡುವುದಾದರೆ ಅದರಲ್ಲಿ ನಿಂತವರನ್ನು ನೋಡಿ. ಟ್ರಾಲಿ ಸೂಟ್‌ಕೇಸ್ ಹಿಡಿದವರೇ ಆದರೆ ಅವರೂ ನಿಮ್ಮದೇ ಆ್ಯಪ್ ನೋಡಿ ಬಂದವರು. ಹೊಸ ಮಾಹಿತಿ ಏನೂ ಇಲ್ಲ. ಆಫೀಸಿನ ಟ್ಯಾಗ್ ಹಾಕಿಕೊಂಡವರು, ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಬರುವವರು, ಮಾಲೀಕರ ಹೆಸರು ಹಿಡಿದು ಕೂಗುವವರು ಇದ್ದರೆ ಆ ಸಾಲಿಗೆ ತೂಕವಿದೆ. ಅವರು ಮೊದಲೇ ತಿಂದು ಮತ್ತೆ ಬಂದವರು.

ಒಳ್ಳೆಯದು ಎಂದರೆ ಯಾವುದು?

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಎಡವಟ್ಟು ಇಲ್ಲಿಯದು. ದಾವಣಗೆರೆಯ ಬೆಣ್ಣೆ ದೋಸೆ, ಉಡುಪಿಯ ಮಸಾಲೆ ದೋಸೆ, ಮೈಸೂರಿನ ಸೆಟ್ ದೋಸೆ ಎಲ್ಲವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದರೆ ಹೇಗೋ ಪಿಜ್ಜಾವೂ ಹಾಗೇ. ಭಾರತಕ್ಕೆ ಪಿಜ್ಜಾ ಸರಪಳಿಗಳು ಬಂದದ್ದು 1996ರಲ್ಲಿ. ಪಿಜ್ಜಾ ಹಟ್ ತನ್ನ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನಲ್ಲೇ. ಆ ಪೀಳಿಗೆಯ ಮಕ್ಕಳಾದ ನಮ್ಮ ನಾಲಿಗೆಗೆ ಪಿಜ್ಜಾ ಎಂದರೆ ಬಾಣಲೆಯಲ್ಲಿ ಎಣ್ಣೆ ಕುಡಿದು ಗರಿಗರಿಯಾದ ದಪ್ಪ ತಳ, ಮೇಲೆ ಚೀಸಿನ ಹೊದಿಕೆ. ಅದೊಂದು ಬಗೆ, ಅಷ್ಟೆ. ಅದನ್ನೇ ಮನಸ್ಸಿನಲ್ಲಿಟ್ಟು ನೇಪಲ್ಸಿಗೆ ಹೋದರೆ ಅಲ್ಲಿಯದು ಅರೆಬೆಂದ ರೊಟ್ಟಿಯಂತೆ ಕಾಣುವುದು ಸಹಜ.

ನೇಪಲ್ಸಿನ ಪಿಜ್ಜಾಕ್ಕೆ ಬರೆದಿಟ್ಟ ನಿಯಮಗಳೇ ಇವೆ. 1984ರಲ್ಲಿ ಅಲ್ಲಿ ಹುಟ್ಟಿದ 'ನಿಜವಾದ ನೇಪಲ್ಸ್ ಪಿಜ್ಜಾ ಸಂಘ'ದ ಪ್ರಕಾರ ಹಿಟ್ಟು ಕನಿಷ್ಠ 8 ಗಂಟೆ ಹುದುಗಬೇಕು, ಕೈಯಲ್ಲೇ ತಟ್ಟಬೇಕು, 400 ಡಿಗ್ರಿಗೂ ಮೀರಿದ ಒಲೆಯಲ್ಲಿ 60ರಿಂದ 90 ಸೆಕೆಂಡು ಬೇಯಬೇಕು. ಅಗಲ 35 ಸೆಂಟಿಮೀಟರ್ ಮೀರಬಾರದು, ಅಂಚು 1ರಿಂದ 2 ಸೆಂಟಿಮೀಟರ್ ಉಬ್ಬಿರಬೇಕು. 2010ರಲ್ಲಿ ಐರೋಪ್ಯ ಒಕ್ಕೂಟ ಇದನ್ನು ಸಾಂಪ್ರದಾಯಿಕ ತಿನಿಸೆಂದು ನೋಂದಾಯಿಸಿತು. 2017ರಲ್ಲಿ ಯುನೆಸ್ಕೋ ಪಿಜ್ಜಾ ತಟ್ಟುವ ಆ ಕಸುಬನ್ನೇ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೂವರೆ ನಿಮಿಷದಲ್ಲಿ ಟೊಮೇಟೊ ಮತ್ತು ಹಸಿ ಚೀಸಿನ ನೀರೆಲ್ಲ ಆರಲು ಸಮಯವೇ ಇಲ್ಲ. ಹಾಗಾಗಿ ನಡುಭಾಗ ಒದ್ದೆ. ಅಲ್ಲಿಯವರು ಚಾಕು ಮತ್ತು ಫೋರ್ಕಿನಲ್ಲಿ ತಿನ್ನುತ್ತಾರೆ, ಇಲ್ಲವೇ ಕರವಸ್ತ್ರದ ಹಾಗೆ ನಾಲ್ಕಾಗಿ ಮಡಚಿ ಬೀದಿಯಲ್ಲೇ ನಡೆಯುತ್ತಾ ತಿನ್ನುತ್ತಾರೆ. 1994ರಲ್ಲಿ ಜಿ-7 ಸಭೆಗೆ ಬಂದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಕೂಡ ತ್ರಿಬುನಾಲಿ ಬೀದಿಯ ದಿ ಮತ್ತೇಯೊ ಅಂಗಡಿಯಲ್ಲಿ ಹೀಗೇ ಮಡಚಿ ತಿಂದರು.

ರೋಮ್‌ಗೆ ಹೋದರೆ ಕಥೆ ಬೇರೆ. ಅಲ್ಲಿಯ ದುಂಡು ಪಿಜ್ಜಾ ಹಪ್ಪಳದಷ್ಟು ತೆಳ್ಳಗೆ, ಕಚ್ಚಿದರೆ ಕರಕರ ಎನ್ನಬೇಕು. ಹಗಲು ಹೊತ್ತು ಸಿಗುವುದು ಹೆಚ್ಚಾಗಿ ಆಯತಾಕಾರದ ತಟ್ಟೆಯಲ್ಲಿ ಬೇಯಿಸಿ ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಮಾರುವ ಪಿಜ್ಜಾ. ನೂರು ಗ್ರಾಮಿಗೆ 'ಎತ್ತೋ' ಎನ್ನುತ್ತಾರೆ. ಬೋರ್ಡಿನ ದರ ಕಿಲೋಗೋ ಎತ್ತೋಗೋ ನೋಡಿಕೊಳ್ಳಿ. ಷಿಕಾಗೋದಲ್ಲಿ ಎಲ್ಲ ಪ್ರವಾಸಿಗರೂ 1940ರ ದಶಕದಲ್ಲಿ ಹುಟ್ಟಿದ ಆಳದ ಬಾಣಲೆಯ ಪಿಜ್ಜಾ ಹುಡುಕುತ್ತಾರೆ. ಊರಿನವರು ವಾರದ ದಿನ ತಿನ್ನುವುದು ಚೌಕ ಚೌಕವಾಗಿ ಕತ್ತರಿಸಿದ ತೆಳು ಪಿಜ್ಜಾವನ್ನೇ. ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಗಳ ಉಕ್ಕಿನ ಟ್ರೇಗಳಲ್ಲಿ ಬೇಯಿಸುವುದರಿಂದ ಶುರುವಾದ, ಅಂಚಿನ ಚೀಸ್ ಸೀದು ಕಂದಾದ ಚೌಕ ಪಿಜ್ಜಾ. ಹೊಸ ಊರಿನಲ್ಲಿ "ಇಲ್ಲಿ ಒಳ್ಳೆಯ ಪಿಜ್ಜಾ ಎಲ್ಲಿದೆ" ಎಂದು ಕೇಳುವುದಕ್ಕಿಂತ "ನಿಮ್ಮೂರಿನ ಪಿಜ್ಜಾ ಹೇಗಿರುತ್ತದೆ, ನೀವು ಎಲ್ಲಿ ತಿನ್ನುತ್ತೀರಿ" ಎಂದು ಕೇಳಿದರೆ ಹೆಚ್ಚು ಪ್ರಯೋಜನ.

ಸೌದೆ ಒಲೆಯೇ ಬೇಕೇ?

ಬೋರ್ಡಿನ ಮೇಲೆ "ವುಡ್ ಫೈರ್ಡ್" ಎಂದಿದ್ದರೆ ನೂರು ರೂಪಾಯಿ ಜಾಸ್ತಿ ಕೊಡಲು ನಾವೆಲ್ಲ ತಯಾರು. ಹೊಗೆಯ ರುಚಿ ಬರುತ್ತದೆ ಎಂಬುದು ನಂಬಿಕೆ. ಆದರೆ ತೊಂಬತ್ತು ಸೆಕೆಂಡಿನಲ್ಲಿ ಹೊಗೆ ಹಿಡಿಯುವುದು ಅಷ್ಟಕ್ಕಷ್ಟೆ; ಚೆನ್ನಾಗಿ ಕಾದ ಒಲೆಯಲ್ಲಿ ಹೊಗೆಯೂ ಕಡಿಮೆ. ಸೌದೆಯ ನಿಜವಾದ ಕೊಡುಗೆ ಬಿಸಿ. ನೇಪಲ್ಸಿನ ಆ ಸಂಘವೇ ಈಗ ಗ್ಯಾಸ್ ಒಲೆಗಳನ್ನೂ ಕೆಲವು ವಿದ್ಯುತ್ ಒಲೆಗಳನ್ನೂ ಒಪ್ಪಿಕೊಂಡಿದೆ.

ಸೌದೆಗಿಂತ ಮುಖ್ಯವಾದದ್ದು ಒಲೆಯ ನೆಲ. ಆಂಡ್ರೇ ವರ್ಲಾಮೊವ್ ಮತ್ತು ಆಂಡ್ರಿಯಾಸ್ ಗ್ಲಾಟ್ಸ್ ಎಂಬ ಭೌತವಿಜ್ಞಾನಿಗಳು ಆಹಾರ ಮಾನವಶಾಸ್ತ್ರಜ್ಞ ಸೆರ್ಜಿಯೋ ಗ್ರಾಸ್ಸೋ ಜೊತೆ ಸೇರಿ 2018ರಲ್ಲಿ ಪಿಜ್ಜಾ ಬೇಯುವ ಭೌತಶಾಸ್ತ್ರದ ಬಗ್ಗೆ ಒಂದು ಸೊಗಸಾದ ಪ್ರಬಂಧ ಬರೆದರು. ರೋಮ್‌ನ ಇಟ್ಟಿಗೆ ಒಲೆಯಲ್ಲಿ ಸುಮಾರು 330 ಡಿಗ್ರಿಯಲ್ಲಿ 2 ನಿಮಿಷಕ್ಕೆ ಪಿಜ್ಜಾ ಸಿದ್ಧ. ಇಟ್ಟಿಗೆ ಶಾಖವನ್ನು ನಿಧಾನವಾಗಿ ದಾಟಿಸುವುದರಿಂದ ತಳ ಸೀಯುವ ಮೊದಲೇ ಮೇಲಿನದು ಬೆಂದಿರುತ್ತದೆ. ಅದೇ ಬಿಸಿಗೆ ಉಕ್ಕಿನ ತಟ್ಟೆ ಇಟ್ಟರೆ ತಳ ಕರಕಲು. ಆದ್ದರಿಂದ ಉಕ್ಕಿನ ತಳದ ವಿದ್ಯುತ್ ಒಲೆಯಲ್ಲಿ 230 ಡಿಗ್ರಿಗೆ ಇಳಿಸಿ 170 ಸೆಕೆಂಡು ಬೇಯಿಸಬೇಕಾಗುತ್ತದೆ ಎಂದು ಅವರ ಲೆಕ್ಕ. ಇನ್ನಷ್ಟು ಹೊತ್ತು ಬೆಂದರೆ ಹಿಟ್ಟಿನ ನೀರು ಆರಿ ಬಿಸ್ಕತ್ತಿನ ಕಡೆ ವಾಲುತ್ತದೆ. ಒಂದು ಉಪಯುಕ್ತ ಮಾತೂ ಅಲ್ಲಿದೆ. ತರಕಾರಿಯಂಥ ನೀರಿನಂಶದ ಪದಾರ್ಥ ಹೆಚ್ಚಾದಷ್ಟೂ ಬೇಯಲು ಹೆಚ್ಚು ಸಮಯ ಬೇಕು. ಜನ ತುಂಬಿದ ಅಂಗಡಿಯಲ್ಲಿ ಹತ್ತು ಬಗೆಯ ತರಕಾರಿ ಹೇರಿಸಿಕೊಂಡು ಆಮೇಲೆ ತಳ ಮೆತ್ತಗಿದೆ ಎಂದು ಬೈಯುವುದು ನ್ಯಾಯವಲ್ಲ.

ಅಂಚಿನ ಕಪ್ಪು ಚುಕ್ಕೆ ಒಳ್ಳೆಯ ಲಕ್ಷಣವೋ, ಆರೋಗ್ಯಕ್ಕೆ ಕೆಟ್ಟದ್ದೋ? ಎರಡೂ ಸ್ವಲ್ಪ ನಿಜ. ಬಿಡಿ ಬಿಡಿ ಚುಕ್ಕೆಗಳು ಚೆನ್ನಾಗಿ ಹುದುಗಿದ ಹಿಟ್ಟು ಜೋರು ಬಿಸಿಗೆ ಸಿಕ್ಕಿದ್ದರ ಗುರುತು. ಪಿಷ್ಟವಿರುವ ಪದಾರ್ಥ 120 ಡಿಗ್ರಿ ದಾಟಿ ಬೆಂದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿನಲ್ಲಿಟ್ಟಿದೆ. ಆಗೊಮ್ಮೆ ಈಗೊಮ್ಮೆ ತಿನ್ನುವ ಪಿಜ್ಜಾಕ್ಕೆ ಹೆದರಬೇಕಿಲ್ಲ. ಇದ್ದಿಲಾದ ತುಂಡನ್ನು ಮುರಿದು ಬದಿಗಿಡಿ. ಕಪ್ಪು ತಳದಲ್ಲಿಡೀ ಹರಡಿದ್ದರೆ ಅದು ಲಕ್ಷಣವಲ್ಲ, ಸೀದದ್ದು.

ಇನ್ನೆರಡು ಕಥೆಗಳನ್ನು ಬೇಗ ಮುಗಿಸೋಣ. ನ್ಯೂಯಾರ್ಕಿನ ಪಿಜ್ಜಾದ ಗುಟ್ಟು ಅಲ್ಲಿಯ ನಲ್ಲಿನೀರು ಎಂಬ ಮಾತಿದೆ. ಅಲ್ಲಿಯ ನೀರು ಮೆದು ಎಂಬುದು ನಿಜ. ನೀರಿನ ಖನಿಜಗಳು ಹಿಟ್ಟಿನ ಬಿಗಿತವನ್ನು ಕೊಂಚ ಬದಲಿಸುತ್ತವೆ ಎಂಬುದೂ ನಿಜ. ಆದರೆ ಹಿಟ್ಟು, ಉಪ್ಪು, ಹುದುಗುವ ಸಮಯ, ಒಲೆ ಇವುಗಳ ಮುಂದೆ ಅದು ಲೆಕ್ಕಕ್ಕಿಲ್ಲ. ಇನ್ನು 1889ರಲ್ಲಿ ರಾಣಿ ಮಾರ್ಗೆರೀತಾಗಾಗಿ ರಾಫೆಲೆ ಎಸ್ಪೊಸಿತೋ ಇಟಲಿ ಧ್ವಜದ ಮೂರು ಬಣ್ಣದ ಪಿಜ್ಜಾ ಮಾಡಿದ ಎಂಬ ಕಥೆ. ನೇಪಲ್ಸಿನ ಅಂಗಡಿಯೊಂದರ ಗೋಡೆಯಲ್ಲಿ ತೂಗುವ ಅರಮನೆಯ ಪತ್ರದ ಮೇಲೆ ಅದು ನಿಂತಿದೆ. ಆ ಪತ್ರವೇ ನಕಲಿ ಎಂದು ಇತಿಹಾಸಕಾರರು ವಾದಿಸಿದ್ದಾರೆ. ಗೋಡೆಯ ಮೇಲಿನ ಚೌಕಟ್ಟು ನೋಡಿ ಅಂಗಡಿ ಆರಿಸಬೇಡಿ ಎನ್ನುವುದಕ್ಕೆ ಇಷ್ಟು ಸಾಕು.

ಸಸ್ಯಾಹಾರಿಗಳು ಇಲ್ಲಿ ನಿಂತು ಓದಿ

ಹಾಲನ್ನು ಚೀಸ್ ಮಾಡಲು ರೆನೆಟ್ ಎಂಬ ಹೆಪ್ಪು ಬೇಕು. ಅದರಲ್ಲಿರುವ ಕೈಮೋಸಿನ್ ಕಿಣ್ವ ಹಾಲಿನ ಕೇಸಿನ್ ಪ್ರೋಟೀನನ್ನು ಕತ್ತರಿಸಿ ಗಟ್ಟಿ ಮೊಸರಾಗಿಸುತ್ತದೆ. ಸಂಪ್ರದಾಯದ ಪ್ರಕಾರ ಇದನ್ನು ತೆಗೆಯುವುದು ಹಾಲು ಕುಡಿಯುವ ಕರುವಿನ ನಾಲ್ಕನೇ ಜಠರದಿಂದ, ಕರುವನ್ನು ಕೊಂದ ಮೇಲೆ. ಈಗ ಶಿಲೀಂಧ್ರದಿಂದ ಪಡೆದ ಹೆಪ್ಪೂ ಇದೆ, ಸೂಕ್ಷ್ಮಜೀವಿಗಳಿಗೆ ಕರುವಿನ ಜೀನು ಸೇರಿಸಿ ತಯಾರಿಸಿದ ಕೈಮೋಸಿನ್ ಕೂಡ ಇದೆ. ನಮ್ಮ ದೇಶದ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದ್ದರೆ ಹಾಲು, ಜೇನುತುಪ್ಪದಂಥವನ್ನು ಬಿಟ್ಟು ಬೇರೆ ಪ್ರಾಣಿಮೂಲದ ಪದಾರ್ಥ ಇರುವಂತಿಲ್ಲ. ಆದ್ದರಿಂದ ಇಲ್ಲಿ ನಾವು ಈ ಪ್ರಶ್ನೆಯನ್ನೇ ಕೇಳದೆ ಬೆಳೆದಿದ್ದೇವೆ.

ಇಟಲಿಯಲ್ಲಿ ಹಾಗಲ್ಲ. ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ ಹೆಪ್ಪೇ ಆಗಬೇಕು ಎಂಬುದು ಅದರ ನಿಯಮ. ಕಂಪಾನಿಯಾದ ಎಮ್ಮೆ ಹಾಲಿನ ಮೊಝರೆಲ್ಲಾಗೂ ಕರುವಿನ ಹೆಪ್ಪೇ. ಪೆಕೊರೀನೊ ರೊಮಾನೊಗೆ ಕುರಿಮರಿಯದು. ಹಸುವಿನ ಹಾಲಿನ 'ಫಿಯೋರ್ ದಿ ಲಾತ್ತೆ' ಮೊಝರೆಲ್ಲಾ ತಯಾರಕರನ್ನು ಅವಲಂಬಿಸಿದೆ. ಮೆನುವಿನಲ್ಲಿ 'ವೆಜೆತಾರಿಯಾನಾ' ಎಂದಿದ್ದರೆ ಮೇಲೆ ಮಾಂಸವಿಲ್ಲ ಎಂದಷ್ಟೇ ಅರ್ಥ. ಹೆಪ್ಪಿನ ಮಾತು ಅದರಲ್ಲಿ ಬರುವುದಿಲ್ಲ. ಕೇಳಬೇಕಾದ ಪದ 'ಕಾಲ್ಯೋ', ಅಂದರೆ ಹೆಪ್ಪು. "ಕಾಲ್ಯೋ ಅನಿಮಾಲೆ?" ಎಂದರೆ ಪ್ರಾಣಿಯದೇ ಎಂದು ಕೇಳಿದಂತೆ.

ಕೇಳಿ ಕೇಳಿ ಸಾಕಾದವರಿಗೆ ಒಂದು ಒಳದಾರಿ ಇದೆ, ಅದು ನೇಪಲ್ಸಿನ ಹಳೆಯ ಬಗೆಯೂ ಹೌದು. ಅದರ ಹೆಸರು ಮರಿನಾರಾ. ಹೆಸರು ಸಮುದ್ರದ್ದಾದರೂ ಮೀನಿಲ್ಲ. ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಇಷ್ಟೇ. ಚೀಸೇ ಇಲ್ಲದ ಮೇಲೆ ಹೆಪ್ಪಿನ ಪ್ರಶ್ನೆಯೂ ಇಲ್ಲ. 1870ರಿಂದ ನಡೆದು ಬಂದ ದಾ ಮಿಕೇಲೆ ಅಂಗಡಿ ಬಹುಕಾಲ ಮಾಡುತ್ತಿದ್ದದ್ದೇ ಎರಡು ಬಗೆ, ಮಾರ್ಗೆರೀತಾ ಮತ್ತು ಮರಿನಾರಾ. ಉಳಿದ ಪ್ರವಾಸವಿಡೀ ಅಮ್ಮ ತಿಂದದ್ದು ಇದನ್ನೇ. ಬೆಳ್ಳುಳ್ಳಿಯನ್ನೂ ತಿನ್ನದವರು ಬೇಡವೆಂದು ಹೇಳಿದರೆ ಬಿಟ್ಟುಕೊಡುತ್ತಾರೆ.

ಪದಗಳಲ್ಲಿ ಇನ್ನೂ ಕೆಲವು ಬಲೆಗಳಿವೆ. ಇಟಲಿಯಲ್ಲಿ 'ಪೆಪೆರೋನಿ' ಎಂದರೆ ದಪ್ಪ ಮೆಣಸಿನಕಾಯಿ. ಅಮೆರಿಕದಲ್ಲಿ 'ಪೆಪ್ಪರೋನಿ' ಎಂದರೆ ಮಾಂಸದ ಸಾಸೇಜು. 'ಸ್ಟ್ರುತ್ತೋ' ಹಂದಿಕೊಬ್ಬು, 'ಚಿಚ್ಚೊಲಿ' ಅದರ ಗರಿಗರಿ ಚೂರು, 'ಆಲಿಚಿ' ಪುಟ್ಟ ಮೀನು. ಆ ಮೀನಿನ ಪಿಜ್ಜಾವನ್ನು ರೋಮ್‌ನವರು 'ನೇಪಲ್ಸಿನದು' ಎನ್ನುತ್ತಾರೆ, ನೇಪಲ್ಸಿನವರು 'ರೋಮ್‌ನದು' ಎನ್ನುತ್ತಾರೆ. ಇಬ್ಬರಿಗೂ ಅದು ಬೇಡವೇನೋ!

ಗೋಧಿಯ ಗ್ಲೂಟನ್ ಆಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಇದಕ್ಕಿಂತ ಗಂಭೀರ ಎಚ್ಚರಿಕೆ ಬೇಕು. "48 ಗಂಟೆ ಹುದುಗಿದ ಸೋರ್‌ಡೋ, ಎಲ್ಲರಿಗೂ ಜೀರ್ಣವಾಗುತ್ತದೆ" ಎಂಬ ಮಾತು ಅವರಿಗೆ ಅನ್ವಯಿಸುವುದಿಲ್ಲ. ಹುದುಗಿದರೂ ಗೋಧಿಯ ಗ್ಲೂಟನ್ ಅವರಿಗೆ ಅಪಾಯವೇ. ಗ್ಲೂಟನ್ ರಹಿತ ತಳವನ್ನು ಅದೇ ಕಟ್ಟೆಯಲ್ಲಿ ತಟ್ಟಿ ಅದೇ ಒಲೆಯಲ್ಲಿ ಬೇಯಿಸಿದರೂ ಹಿಟ್ಟಿನ ಧೂಳು ತಗಲುತ್ತದೆ. ಇಟಲಿಯ ಸೀಲಿಯಾಕ್ ಸಂಘ ತರಬೇತಿ ಪಡೆದ ಅಂಗಡಿಗಳ ಪಟ್ಟಿ ಇಟ್ಟಿದೆ. ಅಲ್ಲಿಗೆ ಹೋಗುವವರು ಸ್ಟಾರ್ ಬಿಟ್ಟು ಅದನ್ನು ನೋಡಬೇಕು.

ನಮ್ಮೂರಿನಲ್ಲಿ

ಮನೆಯ ಹತ್ತಿರದ ಅಂಗಡಿ ಹುಡುಕುವಾಗ ಪ್ರವಾಸಿಗನಿಗಿಲ್ಲದ ಒಂದು ಅನುಕೂಲ ನಮಗಿದೆ: ಮತ್ತೆ ಹೋಗಬಹುದು. ಮೊದಲ ಸಲ ಎಲ್ಲೇ ಹೋದರೂ ನಾವು ಮಾರ್ಗರಿಟಾ ತಗೊಳ್ಳುತ್ತೇವೆ. ಹಿಟ್ಟು, ಟೊಮೇಟೊ, ಚೀಸ್ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಅಡಗಿಕೊಳ್ಳಲು ಅಲ್ಲಿ ಜಾಗವಿಲ್ಲ. ಹೋಟೆಲನ್ನು ಖಾಲಿ ದೋಸೆಯಲ್ಲಿ ಅಳೆಯುವ ಹಾಗೆ. ತುಂಡು ಎತ್ತಿ ತಳ ನೋಡಿ. ಅಂಚು ಮುರಿದಾಗ ಒಳಗೆ ಸಣ್ಣ ದೊಡ್ಡ ಗೂಡುಗಳಿದ್ದರೆ ಹಿಟ್ಟು ಹುದುಗಿದೆ. ಬನ್ನಿನ ಹಾಗೆ ಒಂದೇ ಸಮನಾಗಿದ್ದರೆ ಗಡಿಬಿಡಿಯಲ್ಲಿ ಉಬ್ಬಿಸಿದ್ದಿರಬಹುದು. "ಹಿಟ್ಟು ಯಾವಾಗ ಕಲಸಿದ್ದು?" ಎಂದು ಕೇಳಿ. ಇಲ್ಲೇ ಮಾಡುವವರು ಖುಷಿಯಿಂದ ಗಂಟೆ ಲೆಕ್ಕ ಹೇಳುತ್ತಾರೆ. ರಾತ್ರಿ ಒಂಬತ್ತಕ್ಕೆ "ಹಿಟ್ಟು ಮುಗೀತು ಸಾರ್" ಎಂದು ಬಾಗಿಲೆಳೆಯುವ ಅಂಗಡಿಯ ಮೇಲೆ ನಮಗೆ ವಿಶೇಷ ಪ್ರೀತಿ. ಪಿಜ್ಜಾ, ಮೊಮೊ, ಬಿರಿಯಾನಿ, ಗೋಬಿ ಎಲ್ಲವೂ ಇರುವ ಆರು ಪುಟದ ಮೆನುವಿನ ಮೇಲೆ ಅಷ್ಟಿಲ್ಲ.

ಚೀಸ್ ಎಳೆದರೆ ದಾರದಂತೆ ಬರುವುದು ಅಸಲಿಯ ಗುರುತು ಎಂದು ಜಾಹೀರಾತುಗಳು ಕಲಿಸಿವೆ. ಬಿಸಿನೀರಿನಲ್ಲಿ ನಾದಿ ಎಳೆದು ಮಾಡುವ ಮೊಝರೆಲ್ಲಾದಲ್ಲಿ ಪ್ರೋಟೀನು ಎಳೆ ಎಳೆಯಾಗಿರುವುದರಿಂದ ಅದು ಹಿಗ್ಗುವುದು ನಿಜ. ಆದರೆ ಹಾಲಿನ ಕೊಬ್ಬಿನ ಬದಲು ಸಸ್ಯದೆಣ್ಣೆ ಹಾಕಿದ ಅನಲಾಗ್ ಚೀಸನ್ನೂ ಹಿಗ್ಗುವಂತೆ ತಯಾರಿಸುತ್ತಾರೆ. ಅದು ವಿಷವಲ್ಲ, ಚೀಸ್ ಎಂದು ಹೇಳಿ ಅದನ್ನು ಕೊಡುವುದು ಮೋಸ. ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ. ಪ್ಯಾಕೆಟ್ ತೋರಿಸಿ ಎಂದು ಕೇಳುವುದೇ ನೇರದಾರಿ. ಸಂಕೋಚ ಪಡಬೇಡಿ.

ಆ್ಯಪಿನಲ್ಲಿ ತರಿಸುವವರು ಅಂಗಡಿಯ ಪುಟದ ಕೊನೆಗೆ ಇಳಿದು 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆ ನೋಡಿ. ಬಿಲ್ಲಿನ ಮೇಲೂ ಅದನ್ನು ಮುದ್ರಿಸಬೇಕೆಂಬ ನಿಯಮ 2022ರ ಜನವರಿಯಿಂದ ಇದೆ. ಪರವಾನಗಿ ಕೊಡುವುದು ಜಾಗಕ್ಕೆ. ಇಟಾಲಿಯನ್ ಹೆಸರಿನ ಎರಡು 'ಬೇರೆ ಬೇರೆ' ಪಿಜ್ಜೇರಿಯಾಗಳಿಗೂ, ಪಕ್ಕದ ಬಿರಿಯಾನಿ ಬ್ರ್ಯಾಂಡಿಗೂ ಒಂದೇ ಸಂಖ್ಯೆ ಇದ್ದರೆ ಮೂರೂ ಒಂದೇ ಅಡುಗೆಮನೆಯಿಂದ ಬರುತ್ತಿವೆ. ಅದರಿಂದ ರುಚಿ ಕೆಡಬೇಕೆಂದೇನಿಲ್ಲ, ಆದರೆ ನೀವು ಹುಡುಕುತ್ತಿರುವುದು ಬಡಾವಣೆಯ ಅಂಗಡಿಯಾದರೆ ಅದು ಇದಲ್ಲ.

ಮತ್ತೊಂದು ಮಾತು: ನೇಪಲ್ಸ್ ಬಗೆಯನ್ನು ಮನೆಗೆ ತರಿಸಬೇಡಿ, ಹೋಗಿ ತಿನ್ನಿ. ಮುಚ್ಚಿದ ಡಬ್ಬಿಯಲ್ಲಿ ಹಬೆ ತುಂಬಿ, ಹತ್ತೇ ನಿಮಿಷದಲ್ಲಿ ಅದು ಒದ್ದೆ ಬಟ್ಟೆ. ನಮ್ಮ ಸಂಚಾರ ದಟ್ಟಣೆಯಲ್ಲಿ ಹತ್ತು ನಿಮಿಷಕ್ಕೆ ಸಿಗ್ನಲ್ಲೂ ದಾಟಿರುವುದಿಲ್ಲ. ಡಬ್ಬಿಯ ಪ್ರಯಾಣ ತಾಳಿಕೊಳ್ಳುವುದು ದಪ್ಪ ತಳದ ಬಾಣಲೆ ಪಿಜ್ಜಾ ಅಥವಾ ಚೆನ್ನಾಗಿ ಆರಿದ ತೆಳು ಪಿಜ್ಜಾ. ಬಂದ ಕೂಡಲೇ ಡಬ್ಬಿಯ ಮುಚ್ಚಳ ತೆರೆದಿಡಿ. ತಣ್ಣಗಾಗಿದ್ದರೆ ಮೈಕ್ರೋವೇವ್ ಬೇಡ, ಅದು ಹಿಟ್ಟನ್ನು ರಬ್ಬರ್ ಮಾಡುತ್ತದೆ. ದೋಸೆಯ ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಎಣ್ಣೆ ಸವರದೆ ತುಂಡುಗಳನ್ನಿಟ್ಟು ಎರಡು ನಿಮಿಷ ಬಿಡಿ. ತಳ ಗರಿಯಾದ ಮೇಲೆ ಕಾವಲಿಯ ಬದಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿದರೆ ಆ ಹಬೆಗೆ ಚೀಸ್ ಕರಗುತ್ತದೆ. ಇದು ನಮಗೆ ಅಮ್ಮ ಹೇಳಿಕೊಟ್ಟದ್ದು. ನೀರ್ ದೋಸೆಗೆ ಮುಚ್ಚಳ ಮುಚ್ಚುತ್ತೇವಲ್ಲ, ಇದಕ್ಕೇಕೆ ಬೇಡ ಎಂದರು.